ಶಾಲಾ ಮಕ್ಕಳಿಗೆ ಜರ್ಮನ್ ಭಾಷಾ ಪರಿಚಯ ಕಾರ್ಯಾಗಾರ: ಉದ್ದೇಶ ಹಾಗೂ ಕ್ರಮ

ಭದ್ರಾವತಿಯ ಜನ್ನಾಪುರದ ಸುತ್ತಮುತ್ತಲಿನ ಹಳೆಯ ಮನೆಗಳಿಗೆ ಹೊದಿಸಿರುವ ಮಂಗಳೂರು ಹೆಂಚಿಗೂ ಜರ್ಮನ್ ಭಾಷೆಗೂ ನಂಟಿದೆ. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ಬಾಸೆಲ್ ಮಿಷನ್. ಅದೇ ಮಿಷನ್ನಿನ ಜರ್ಮನ್ ವಿದ್ವಾಂಸರಾದ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು, ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು.

ಆದುದರಿಂದ ಇಂತಹ ಕಾರ್ಯಾಗಾರವನ್ನು ವ್ಯಾಕರಣದ ಕಂಠಪಾಠದಿಂದಲ್ಲ, ಮಕ್ಕಳು ಬಲ್ಲ ಸಂಗತಿಗಳಿಂದಲೇ ಆರಂಭಿಸುವುದು ಸೂಕ್ತ. ‘ಕಿಂಡರ್‌ಗಾರ್ಟನ್’ ಎಂಬುದು 1840ರಲ್ಲಿ ಶಿಕ್ಷಣ ತಜ್ಞ ಫ್ರೋಬೆಲ್ ನೀಡಿದ ಹೆಸರು. ಅದರ ಅರ್ಥ ‘ಮಕ್ಕಳ ತೋಟ’. ‘ರೇಗನ್’ ಎಂದರೆ ಮಳೆ, ‘ತ್ಸೈಟ್’ ಎಂದರೆ ಕಾಲ. ಎರಡೂ ಕೂಡಿದರೆ ನಮ್ಮ ಮಳೆಗಾಲವೇ. ಕನ್ನಡದ ಸಮಾಸವನ್ನು ಅರಿತ ಮಗುವಿಗೆ ಈ ರಚನೆ ಅಪರಿಚಿತವಲ್ಲ. ಇಂತಹ ಪದಗಳನ್ನು ಬಿಡಿಸಿ ಜೋಡಿಸುವ ಆಟ, ಚಿತ್ರರಚನೆ ಹಾಗೂ ಕಿರುನಾಟಕಗಳ ಮೂಲಕ ಕಲಿಕೆಯನ್ನು ಮುಂದುವರಿಸಬಹುದು.

ಕೆಲವು ದಿನಗಳ ಕಾರ್ಯಾಗಾರವು ಭಾಷಾ ಪ್ರಭುತ್ವವನ್ನಾಗಲಿ, ವಿದೇಶಿ ಉದ್ಯೋಗದ ಭರವಸೆಯನ್ನಾಗಲಿ ನೀಡಲಾರದು. ಆದರೆ ಶುಲ್ಕ ತೆತ್ತು ಕಲಿಯಲಾಗದ ಮಗುವಿಗೂ ಹೊಸ ಭಾಷೆಯೊಂದು ತನ್ನ ಅಳವಿಗೆ ಮೀರಿದ್ದಲ್ಲವೆಂಬ ಧೈರ್ಯವನ್ನು ನೀಡಬಲ್ಲದು. ಆಸಕ್ತರು ಮುಂದೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಹಂತಹಂತವಾಗಿ ಕಲಿಯಲು ಅವಕಾಶವಿದೆ. ಪರಭಾಷೆಯಿಂದ ಕನ್ನಡಕ್ಕೆ ಕುಂದುಂಟಾದೀತೆಂದು ಪೋಷಕರು ಆತಂಕಪಡಬೇಕಾಗಿಲ್ಲ. ಪರಭಾಷೆಯೊಂದನ್ನು ಶ್ರದ್ಧೆಯಿಂದ ಕಲಿತವರಿಂದಲೇ ಕನ್ನಡಕ್ಕೆ ಆ ಮಹಾನಿಘಂಟು ದೊರೆಯಿತು.