ನಿರಭ್ರ ಗಗನದಲ್ಲಿ ವಾಯುಕ್ಷೋಭೆ

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ದೂರದೇಶಗಳಲ್ಲಿ ಸಂಸಾರ ಹೂಡಿರುವರು. ಮಗಳ ಬಾಣಂತಿತನಕ್ಕೆಂದೂ ಮೊಮ್ಮಕ್ಕಳನ್ನು ಕಾಣಬೇಕೆಂದೂ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ತಾಯಿತಂದೆಗಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ವಿಮಾನವನ್ನೇರುವುದು ಈಗ ಅಪೂರ್ವವಾದ ಸಂಗತಿಯಲ್ಲ. ಅಂಥವರು ಕೇಳುವ ಪ್ರಶ್ನೆಯೊಂದುಂಟು: ಮೋಡವಿಲ್ಲ, ಮಳೆಯಿಲ್ಲ, ಬಿಸಿಲು ಬೆಳಗುತ್ತಿರುವುದು, ಹೀಗಿರಲು ವಿಮಾನವು ಒಮ್ಮಿಂದೊಮ್ಮೆ ಕುಲುಕಾಡುವುದೇಕೆ? ಅದರಿಂದ ಅಪಾಯವುಂಟೇ? ಇದನ್ನು ನಮ್ಮ ಸೀಮೆಯ ದೃಷ್ಟಾಂತಗಳಿಂದಲೇ ವಿವರಿಸಲು ಯತ್ನಿಸುವೆವು.

ಗಳಗನಾಥದ ಬಳಿಯಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುವುದು. ಎರಡು ಪ್ರವಾಹಗಳು ಬೇರೆ ಬೇರೆ ವೇಗದಿಂದ ಒಂದರ ಮಗ್ಗುಲಲ್ಲೊಂದು ಹರಿಯುವಾಗ ಅವುಗಳ ಮೇರೆಯಲ್ಲಿ ಸುಳಿಗಳು ಏಳುವುದು ಸಹಜ. ಆಕಾಶದಲ್ಲಿಯೂ ಹೀಗೆಯೇ. ಗಾಳಿಯು ಪದರ ಪದರವಾಗಿ ಹರಿಯುತ್ತದೆ. ಮೇಲಣ ಪದರವು ಅತಿ ವೇಗದಿಂದಲೂ ಕೆಳಗಣದು ಮಂದವಾಗಿಯೂ ಸಾಗುವಾಗ ನಡುವೆ ಅಲೆಗಳೆದ್ದು, ಮಗುಚಿ, ಸುಳಿಗಳಾಗಿ ಒಡೆಯುತ್ತವೆ. ಆ ಸುಳಿಗಳನ್ನು ಹಾಯುವ ವಿಮಾನವು ಕುಲುಕದೆ ಇರಲಾರದು. ಇದನ್ನೇ ನಿರಭ್ರ ಗಗನದ ವಾಯುಕ್ಷೋಭೆ ಎನ್ನುವರು. ಬಲವಾದ ಗಾಳಿಯು ಪರ್ವತಗಳನ್ನು ದಾಟುವಾಗಲೂ ಇಂಥ ಅಲೆಗಳು ಉಂಟಾಗುವವು.

ಇಷ್ಟು ಎತ್ತರದಲ್ಲಿ ವೇಗದ ಗಾಳಿಯು ಎಲ್ಲಿಂದ ಬರುವುದು? ಜೆಟ್ ಪ್ರವಾಹಗಳೆಂಬ ವಾಯುನದಿಗಳು ಭೂಮಿಯನ್ನು ಬಳಸಿ ಹರಿಯುತ್ತಿವೆ. ಚಳಿಗಾಲದಲ್ಲಿ ಉತ್ತರ ಹಿಂದುಸ್ಥಾನದ ಮೇಲೆ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಒಂದು ಹರಿಯುವುದು. ಪ್ರಯಾಣಿಕರ ವಿಮಾನಗಳ ಹಾದಿಯು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿರುವ ಕಾರಣ ಅದರ ಸಂಪರ್ಕವು ಅನಿವಾರ್ಯ. ಮಳೆಗಾಲದಲ್ಲಾದರೋ ನಮ್ಮ ದಕ್ಷಿಣದ ಮೇಲೆಯೇ ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಹರಿಯುತ್ತದೆ. ಇದರ ಸ್ವರೂಪವನ್ನು 1958ರಲ್ಲಿ ವಿವರಿಸಿದವರು ಭಾರತದ ಹವಾಮಾನಶಾಸ್ತ್ರಜ್ಞರಾದ ಪಿ. ಕೋಟೇಶ್ವರಂ ಎಂಬವರು. ಇದರ ವೇಗವು ಗಂಟೆಗೆ 100 ಕಿಲೋಮೀಟರಿಗೂ ಮಿಕ್ಕಿರುತ್ತದೆ. ಇದರ ನಡುಭಾಗವು ಸುಮಾರು 15 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ವಿಮಾನಗಳು ಸಾಧಾರಣವಾಗಿ ಅದರ ಕೆಳಗಿನಿಂದಲೇ ಸಾಗುತ್ತವೆ.

ವಿಮಾನದ ಮುಂಭಾಗದಲ್ಲಿ ರೇಡಾರ್ ಯಂತ್ರವಿರುವಾಗ ಮೊದಲೇ ತಿಳಿಯಬಾರದೇ ಎಂದು ಕೆಲವರು ಕೇಳಬಹುದು. ಆ ಯಂತ್ರವು ಮೋಡದ ನೀರಹನಿಗಳನ್ನು ಕಾಣುವುದೇ ಹೊರತು ಬರಿಯ ಗಾಳಿಯನ್ನು ಕಾಣಲಾರದು. ಬ್ಯಾಡಗಿಯ ಮೆಣಸಿನಕಾಯಿಯು ಕಡುಗೆಂಪಾಗಿ ತೋರಿದರೂ ಖಾರದಲ್ಲಿ ಸೌಮ್ಯವಾದುದು. ಈ ಆಕಾಶದ ರೀತಿಯು ಅದಕ್ಕೆ ವಿರುದ್ಧ: ಕಣ್ಣಿಗೆ ಸೌಮ್ಯ, ಒಳಗೆ ಖಾರ. ಆದುದರಿಂದ ಚಾಲಕರು ಹವಾಮಾನದ ಮುನ್ಸೂಚನೆಗಳನ್ನೂ, ಅದೇ ಹಾದಿಯಲ್ಲಿ ಮುಂದೆ ಹೋದ ವಿಮಾನಗಳು ಕೊಡುವ ವರದಿಗಳನ್ನೂ ನೆಚ್ಚಬೇಕಾಗುತ್ತದೆ.

ಅಪಾಯದ ವಿಷಯವನ್ನು ಉತ್ಪ್ರೇಕ್ಷೆಯಿಲ್ಲದೆಯೂ ಮರೆಮಾಚದೆಯೂ ಹೇಳುವುದು ಯುಕ್ತ. 1966ನೆಯ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಬಳಿ, ಸ್ವಚ್ಛವಾದ ಆಕಾಶದಲ್ಲಿ, ಪರ್ವತದಿಂದೆದ್ದ ಗಾಳಿಯ ಹೊಡೆತಕ್ಕೆ ವಿಮಾನವೊಂದು ಮುರಿದು 124 ಜನರು ಮಡಿದರು. ಇಂಥದು ಅತ್ಯಂತ ವಿರಳ. ಏಕೆಂದರೆ ವಿಮಾನದಲ್ಲಿ ಬರಬಹುದಾದ ಅತ್ಯಧಿಕ ಭಾರವೆಷ್ಟೆಂದು ಲೆಕ್ಕಹಾಕಿ, ಅದರ ಒಂದೂವರೆ ಪಟ್ಟನ್ನು ತಾಳುವಂತೆ ರೆಕ್ಕೆಗಳನ್ನು ನಿರ್ಮಿಸಿರುತ್ತಾರೆ. ಇಂದಿನ ಅಪಾಯವು ಹೆಚ್ಚಾಗಿ ವಿಮಾನಕ್ಕಲ್ಲ, ಒಳಗೆ ಬೆಲ್ಟು ಬಿಗಿಯದೆ ಕುಳಿತವರಿಗೆ. 1997ನೆಯ ಡಿಸೆಂಬರ್ 28ರಂದು ಟೋಕಿಯೋದಿಂದ ಹೊನೊಲುಲುವಿಗೆ ಹೊರಟ ವಿಮಾನವು ಇಂಥ ಕ್ಷೋಭೆಗೆ ಸಿಕ್ಕಿ, ಬೆಲ್ಟು ಬಿಗಿದಿರದ ಪ್ರಯಾಣಿಕಳೊಬ್ಬಳು ಮೃತಳಾದಳು; ವಿಮಾನವಾದರೋ ಸುರಕ್ಷಿತವಾಗಿ ಟೋಕಿಯೋಕ್ಕೆ ಮರಳಿತು. ಅಮೆರಿಕದ ಸರಕಾರಿ ಲೆಕ್ಕದಂತೆ 2009ರಿಂದ 2022ರ ವರೆಗೆ ಎಲ್ಲ ಬಗೆಯ ವಾಯುಕ್ಷೋಭೆಗಳಿಂದ ತೀವ್ರವಾಗಿ ಗಾಯಗೊಂಡವರು 163 ಜನರು. ಅವರಲ್ಲಿ 129 ಜನರು ವಿಮಾನದ ಸಿಬ್ಬಂದಿಯವರು. ನಡೆದಾಡುತ್ತ ಸೇವೆ ಮಾಡುವ ಆ ಹೆಣ್ಣುಮಕ್ಕಳ ಮಾತನ್ನು ಕಡೆಗಣಿಸುವವರು ಈ ಲೆಕ್ಕವನ್ನು ನೆನೆಯಲಿ.

ಭೂಮಿಯ ಕಾವು ಹೆಚ್ಚಿದಂತೆ ಈ ಕ್ಷೋಭೆಯೂ ಹೆಚ್ಚುತ್ತಿದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ವಿದ್ವಾಂಸರು 2023ರಲ್ಲಿ ಪ್ರಕಟಿಸಿದ ಪ್ರಕಾರ, ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ತೀವ್ರ ಕ್ಷೋಭೆಯು 1979ರಿಂದ 2020ರ ಒಳಗೆ ನೂರಕ್ಕೆ 55ರಷ್ಟು ವೃದ್ಧಿಯಾಗಿದೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಚಕ್ಕಡಿಯಲ್ಲಿ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳನ್ನು ಹೇರುವ ರೈತನು ಹಾದಿ ಸಮವಾಗಿದೆಯೆಂದು ಹಗ್ಗ ಬಿಗಿಯದೆ ಹೊರಡುವುದಿಲ್ಲ. ಸೂಚನೆಯ ದೀಪವು ಆರಿದ್ದರೂ, ಕುಳಿತಿರುವಷ್ಟು ಹೊತ್ತು ಬೆಲ್ಟನ್ನು ಸೊಂಟದ ಕೆಳಭಾಗಕ್ಕೆ ಬಿಗಿದುಕೊಂಡಿರುವುದೇ ಉತ್ತಮೋಪಾಯ. ಹೊದಿಕೆ ಹೊದ್ದು ಮಲಗುವವರು ಬೆಲ್ಟನ್ನು ಅದರ ಮೇಲಿಂದ ಬಿಗಿದರೆ ಸಿಬ್ಬಂದಿಯವರಿಗೆ ಅದು ಕಾಣುವುದು, ನಿದ್ರಾಭಂಗವೂ ತಪ್ಪುವುದು. ತೊಡೆಯ ಮೇಲಿನ ಕೂಸನ್ನು ತಾಯಿಯ ತೋಳು ಎಷ್ಟೇ ಪ್ರೀತಿಯಿಂದ ಅಪ್ಪಿದ್ದರೂ ಅಂಥ ಎಸೆತದಲ್ಲಿ ಹಿಡಿದಿಡಲಾರದು. ಶಿಶುವಿಗೆ ಬೇರೆ ಬೆಲ್ಟು ದೊರೆಯುವುದೋ ಎಂದು ಕೇಳಿ ಪಡೆಯತಕ್ಕದ್ದು. ಕುಲುಕಾಟದ ವೇಳೆ ಬಿಸಿ ಚಹಾ ಹಿಡಿಯುವುದೂ ಏಳುವುದೂ ಬೇಡ.

ಕಾಣದ ಗಾಳಿಗೆ ಅಂಜಿ ಮಗಳ ಮನೆಗೆ ಹೋಗದೆ ಉಳಿಯಬೇಕಾದ ಕಾರಣವಿಲ್ಲ. ಬೆಲ್ಟನ್ನು ಬಿಗಿದುಕೊಂಡು ನಿಶ್ಚಿಂತೆಯಿಂದ ಹೋಗಿ ಬರಬಹುದು.