ಶಾಸನದ ಫೋಟೊ ಓದಲು ಓಪನ್‌ಸಿವಿಯನ್ನು ಮೂಲ ಕೋಡಿನಿಂದ ಕಟ್ಟಿಕೊಂಡದ್ದು

ಔರಾದ್ ತಾಲೂಕಿನ ಹಳ್ಳಿಯೊಂದರ ಗುಡಿ ಮುಂದೆ ಕರಿಕಲ್ಲಿನ ದಾನಶಾಸನವೊಂದಿದೆ. ಊರವರು ಅದಕ್ಕೆ ಎಣ್ಣೆ ಎರೆಯುತ್ತಾರೆ. ‘ದೇವರ ಕಲ್ಲು ಅದರಿ, ಮಸಿ ಹಚ್ಚಬ್ಯಾಡ್ರಿ’ ಅಂದರು ಪೂಜಾರಿ. ಹಾಗಾಗಿ ಪಡಿಯಚ್ಚು ತೆಗೆಯಲಿಲ್ಲ, ಫೋಟೊ ಮಾತ್ರ. ಬೀದರಿಗೆ ಬಂದು ಕಪ್ಪು-ಬಿಳುಪು ಮಾಡಿ ನೋಡಿದರೆ ‘ಮತ್ತರು ೩’ ಅಂತ ಕಂಡಿತು. ಹಾಗೇ ಓದಿ ಗೆಳೆಯರಿಗೆ ಕಳಿಸಿಬಿಟ್ಟೆ. ಭಾಲ್ಕಿಯ ಹಿರಿಯರೊಬ್ಬರು ಫೋನ್ ಮಾಡಿದರು: ‘ಆ ಕೆಳಗಿನ ಗೆರಿ ಕಲ್ಲಿನ್ಯಾಗ ಅದಾ, ನಿಮ್ಮ ಮಷಿನ್ಯಾಗ ಅದಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಬಳಸಿದ್ದು ಓಪನ್‌ಸಿವಿ. 1999ರಲ್ಲಿ ಇಂಟೆಲ್‌ನಲ್ಲಿ ಶುರುವಾದ, ಮೂಲ ಕೋಡು ಮುಕ್ತವಾಗಿರುವ ಚಿತ್ರ ಸಂಸ್ಕರಣೆಯ ಲೈಬ್ರರಿ. ಅದರ ಸೌವೋಲಾ ವಿಧಾನ ಪ್ರತಿ ಬಿಂದುವಿನ ಸುತ್ತ ಒಂದು ಚೌಕ ತೆಗೆದುಕೊಂಡು, ಅಲ್ಲಿನ ಬೆಳಕಿನ ಸರಾಸರಿ ಮತ್ತು ಏರಿಳಿತದಿಂದ ಒಂದು ಮಿತಿ ಗೊತ್ತುಮಾಡುತ್ತದೆ. ಮಿತಿಗಿಂತ ಕೆಳಗಿದ್ದರೆ ಕಪ್ಪು, ಮೇಲಿದ್ದರೆ ಬಿಳುಪು. ನಮಗೆ ಸಿಗುವುದು ಕೊನೆಯ ಚಿತ್ರ ಮಾತ್ರ, ಮಿತಿ ಕಾಣೋದಿಲ್ಲ. ಬಹಳಷ್ಟು ಕೆಲಸಕ್ಕೆ ಸಿದ್ಧ ಪ್ಯಾಕೇಜೇ ಸಾಕು. ನನಗೆ ಆ ಮಿತಿಯೇ ಬೇಕಿತ್ತು, ಅದಕ್ಕೆ ಕೋಡು ತಿದ್ದಿ ಕಟ್ಟಬೇಕಾಯಿತು.

ಕ್ರಮ ಹೀಗೆ. ಉಬುಂಟುವಿನಲ್ಲಿ ಸಿ++ ಕಂಪೈಲರ್, ಸಿಮೇಕ್, ಗಿಟ್, ಪೈಥಾನಿನ ಡೆವಲಪ್‌ಮೆಂಟ್ ಫೈಲುಗಳು ಮತ್ತು ನಂಪೈ ಹಾಕಿಕೊಳ್ಳಿ. ಓಪನ್‌ಸಿವಿ ಮತ್ತು ಅದರ ಕಾಂಟ್ರಿಬ್ ಕೋಡು ಎರಡನ್ನೂ ಇಳಿಸಿಕೊಳ್ಳಿ. ಸೌವೋಲಾ ಇರುವುದು ಕಾಂಟ್ರಿಬ್‌ನಲ್ಲಿ. ಎರಡೂ ಒಂದೇ ಆವೃತ್ತಿಯ ಟ್ಯಾಗಿನಲ್ಲಿರಬೇಕು, ಇಲ್ಲದಿದ್ದರೆ ಕಂಪೈಲ್ ಅರ್ಧಕ್ಕೇ ಮುರಿಯಬಹುದು. ಆಮೇಲೆ ಬೇರೆ ಬಿಲ್ಡ್ ಫೋಲ್ಡರ್ ಮಾಡಿ, ಸಿಮೇಕ್‌ಗೆ ಕಾಂಟ್ರಿಬ್ ಮಾಡ್ಯೂಲ್‌ಗಳು ಎಲ್ಲಿವೆ ಅಂತ ಹೇಳಿ. ಅದು ಕೊಡುವ ಪಟ್ಟಿಯಲ್ಲಿ ಪೈಥಾನ್ 3 ಇದೆಯೋ ನೋಡದೆ ಮುಂದೆ ಹೋಗಬೇಡಿ. ಕೊನೆಗೆ ಮೇಕ್, ಮೇಕ್ ಇನ್‌ಸ್ಟಾಲ್.

4 ಜಿಬಿ ರ‍್ಯಾಮ್ ಇದ್ದರೆ ಒಮ್ಮೆಗೆ ಎರಡೇ ಕೆಲಸ ಸಾಕು; ನಾನು ನಾಲ್ಕು ಕೊಟ್ಟು ಲ್ಯಾಪ್‌ಟಾಪ್ ನಿಂತೇ ಹೋಗಿತ್ತು. ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ. ಮತ್ತೆ ಮೇಕ್ ಕೊಟ್ಟರೆ ಆಗಿರುವ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ.

ಕೋಡಿನಲ್ಲಿ ನಾನು ಸೇರಿಸಿದ್ದು ಇಷ್ಟೇ: ಲೆಕ್ಕ ಹಾಕಿದ ಮಿತಿಯನ್ನೂ ಒಂದು ಚಿತ್ರವಾಗಿ ಉಳಿಸು. ಅದನ್ನು ಫೋಟೊ ಜೊತೆ ಇಟ್ಟು ನೋಡಿದೆ. ಕೊರೆದ ಅಕ್ಷರಗಳೆಲ್ಲ ಮಿತಿಗಿಂತ ಬಹಳ ಕೆಳಗಿದ್ದವು. ಆ ಕೆಳಗಿನ ಗೆರೆ ಮಾತ್ರ ಮಿತಿಯ ಅಂಚಿನಲ್ಲೇ ಇತ್ತು.

ಅನುಮಾನ ಅಷ್ಟೇ, ತೀರ್ಮಾನ ಅಲ್ಲ. ಕತ್ತಲಾದ ಮೇಲೆ ಮತ್ತೆ ಹಳ್ಳಿಗೆ ಹೋದೆ, ಟಾರ್ಚನ್ನು ಓರೆಯಾಗಿ ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ಹಿಡಿದೆ. ಕೊರೆದ ಗೆರೆಯಾದರೆ ನೆರಳು ಪಕ್ಕ ಬದಲಿಸಬೇಕು. ಸುತ್ತಲಿನ ಅಕ್ಷರಗಳಲ್ಲಿ ಬದಲಿಸಿತು. ಆ ಗೆರೆಯಲ್ಲಿ ಇಲ್ಲ. ಅದು ಎಣ್ಣೆ ಇಳಿದ ಕಲೆ.

ಆದ್ದರಿಂದ ನನ್ನ ಓದು ತಪ್ಪು: ಅದು ‘ಮತ್ತರು ೨’. ಕೊಟ್ಟವನು ಎರಡು ಮತ್ತರು ಭೂಮಿ ಕೊಟ್ಟಿದ್ದ, ಮೂರನೆಯದನ್ನು ಕೊಟ್ಟವನು ನಾನು. ಈಗ ಪ್ರತಿ ಓದಿನ ಜೊತೆ ಮೂಲ ಫೋಟೊ, ಚೌಕದ ಅಳತೆ, ಓಪನ್‌ಸಿವಿ ತಾನೇ ಮುದ್ರಿಸುವ ಬಿಲ್ಡ್ ವಿವರ ಮೂರನ್ನೂ ಇಡುತ್ತೇನೆ. ನೀವೂ ಇಡಿ, ಇನ್ನೊಬ್ಬರು ನಮ್ಮ ತಪ್ಪು ಹಿಡಿಯಲು ಅಷ್ಟಾದರೂ ಬೇಕು.