ಐದು ನಗಾರಿ ಗೋಪುರಗಳ ಊರು

ರೈಲು ಸುರಂಗದಿಂದ ಹೊರಬಿದ್ದು ಕಿಟಕಿಯಲ್ಲಿ ಒಂದು ತುಣುಕು ಹಸಿರು ಕಂಡಿತು ಅನ್ನುವಷ್ಟರಲ್ಲಿ ಮತ್ತೊಂದು ಸುರಂಗ. ದಕ್ಷಿಣ ಚೀನಾದ ಗುವಾಂಗ್‌ಜೋ ಮತ್ತು ಗುಯಿಯಾಂಗ್ ನಡುವೆ ಬೆಟ್ಟ ಕೊರೆದು ಹಾಕಿದ ಈ ಅತಿವೇಗದ ಮಾರ್ಗ 2014ರ ಡಿಸೆಂಬರ್‌ನಲ್ಲಿ ಶುರುವಾಯಿತು. 857 ಕಿ.ಮೀ. ಉದ್ದದಲ್ಲಿ ಬಹುಪಾಲು ಸುರಂಗ, ಇಲ್ಲವೇ ಸೇತುವೆ. ಗುವಾಂಗ್‌ಜೋದಲ್ಲಿ ಹತ್ತಿದರೆ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಚೊಂಗ್‌ಜಿಯಾಂಗ್ ನಿಲ್ದಾಣ. ಹೆಸರು ನಂಬಿ ಆ ಪಟ್ಟಣಕ್ಕೆ ಹೊರಡಬೇಡಿ, ಅದು ದೂರ. ನಿಲ್ದಾಣಕ್ಕೆ ನಿಜವಾಗಿ ಹತ್ತಿರವಿರುವುದು ಜಾವ್‌ಶಿಂಗ್ ಎಂಬ ದೊಂಗ್ ಬುಡಕಟ್ಟಿನವರ ಹಳ್ಳಿ.

ಚೀನಾ ಅಂದಕೂಡಲೇ ನಮ್ಮವರು ಬೀಜಿಂಗ್, ಶಿಯಾನ್, ಶಾಂಘೈ ಎಂದು ಎಂಟು ದಿನಕ್ಕೆ ನಾಲ್ಕು ಊರು ಜೋಡಿಸುತ್ತಾರೆ. ದುಡ್ಡು ಕರಗುವುದು ಈ ಓಡಾಟದಲ್ಲೇ. ಒಂದೇ ರೈಲು ಮಾರ್ಗ ಹಿಡಿದು ಒಂದೇ ಕಣಿವೆಯಲ್ಲಿ ನಾಲ್ಕೈದು ರಾತ್ರಿ ತಂಗುವವರಿಗೆ ಚೀನಾ ದುಬಾರಿಯಲ್ಲ, ಹಳ್ಳಿಯೂ ಮುಖ ತೋರಿಸುತ್ತದೆ.

ಜಾವ್‌ಶಿಂಗ್‌ನಲ್ಲಿ ಹೆಚ್ಚುಕಡಿಮೆ ಎಲ್ಲರ ಅಡ್ಡಹೆಸರೂ ಲು. ಹೊರಗಿನವರಿಗೆ ಮಾತ್ರ ಹಾಗೆ. ಒಳಗೆ ಅವರವರ ಕುಲದ ಹೆಸರುಗಳು ಬೇರೆಯೇ ಇವೆ. ಕುಲಗಳು ಸೇರಿ ಐದು ಕೇರಿ, ಕೇರಿಗೊಂದು ನಗಾರಿ ಗೋಪುರ. ಅವುಗಳ ಹೆಸರು ರೆನ್, ಯಿ, ಲಿ, ಜಿ, ಶಿನ್: ಕನ್‌ಫ್ಯೂಷಿಯಸ್ ಪರಂಪರೆಯ ಐದು ಸದ್ಗುಣಗಳು. ಮೊಳೆಯಿಲ್ಲದೆ, ಮರಕ್ಕೆ ಮರ ಕಚ್ಚಿಸಿ ಕಟ್ಟಿದ ಗೋಪುರಗಳ ಸೂರುಗಳು ಒಂದರ ಮೇಲೊಂದು ಬೆಸಸಂಖ್ಯೆಯಲ್ಲೇ ಏರುತ್ತವೆ. ಇಷ್ಟೆಲ್ಲ ನೋಡಿ ಶತಮಾನಗಳ ಹಿಂದಿನದು ಎಂದು ಕೈಮುಗಿಯುವ ಮುನ್ನ ಗೊತ್ತಿರಲಿ: ಸಾಂಸ್ಕೃತಿಕ ಕ್ರಾಂತಿಯಲ್ಲಿ ಹಾಳಾದ ಇವು 1980ರ ದಶಕದಲ್ಲಿ ಮತ್ತೆ ಎದ್ದವು. ನನಗೆ ಇದರಿಂದ ಬೆಲೆ ಕಡಿಮೆಯಾದಂತೆ ಅನಿಸುವುದಿಲ್ಲ. ಕಟ್ಟುವ ಕೈ ಉಳಿದಿತ್ತಲ್ಲ. ಗೋಪುರದಡಿಯ ಕಟ್ಟೆಯಲ್ಲಿ ಈಗಲೂ ಮುದುಕರು ಇಸ್ಪೀಟಾಡುತ್ತಾರೆ, ಚಳಿಗಾಲದಲ್ಲಿ ನಡುವಿನ ಗುಂಡಿಗೆ ಬೆಂಕಿ ಹಾಕಿ ಸುತ್ತ ಕೂರುತ್ತಾರೆ. ನಮ್ಮೂರಿನ ಅರಳಿಕಟ್ಟೆಗೆ ಸೂರು ಹಾಕಿದಂತೆ.

ಊರಿಗೆ ಊರೇ ಫರ್ ಮರದ್ದು. ಮಗು ಹುಟ್ಟಿದಾಗ ಸಸಿ ನೆಟ್ಟರೆ ಹದಿನೆಂಟು ವರ್ಷಕ್ಕೆ ಮದುವೆ, ಮನೆಗೆ ಮರ ಸಿದ್ಧ ಎಂಬ ಲೆಕ್ಕ ಇವರದು. ಮರ ಅಂದಮೇಲೆ ಬೆಂಕಿಯ ಭಯವೂ ಇದ್ದೇ ಇದೆ. ಭತ್ತದ ಕಣಜಗಳನ್ನು ಎಷ್ಟೋ ಕಡೆ ಮನೆಗಳಿಂದ ದೂರ, ಕೊಳದ ನೀರಿನ ಮೇಲೆ ಕಂಬ ನೆಟ್ಟು ನಿಲ್ಲಿಸಿರುತ್ತಾರೆ. ದೊಂಗ್ ಹಳ್ಳಿಗಳಲ್ಲಿ ಜಾಗಟೆ ಬಾರಿಸುತ್ತ ಓಣಿ ಸುತ್ತಿ, ಒಲೆ ಆರಿಸಿ ಎಂದು ಕೂಗಿ ನೆನಪಿಸುವ ಪದ್ಧತಿಯೇ ಇದೆ.

ದೊಂಗ್ ಭಾಷೆಗೆ ಸಾಂಪ್ರದಾಯಿಕ ಲಿಪಿಯಿಲ್ಲ. ವಂಶದ ಕತೆ, ನೀತಿ, ಪ್ರಣಯ ಎಲ್ಲವೂ ಹಾಡಿನಲ್ಲೇ. ವಾದ್ಯವಿಲ್ಲ, ನಿರ್ದೇಶಕನೂ ಇಲ್ಲ. ಹಲವು ದನಿಗಳು ಬೇರೆ ಬೇರೆ ಎಳೆ ಹಿಡಿದು, ಜೀರುಂಡೆಯಂತೆ ಹೊಳೆಯಂತೆ ಸಾಗುವ ಈ ‘ಮಹಾಗಾನ’ವನ್ನು ಯುನೆಸ್ಕೊ 2009ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಸಂಜೆಯ ಪ್ರದರ್ಶನ ಪ್ರವಾಸಿಗರಿಗೆಂದೇ ಮಾಡಿದ್ದು. ಆದರೂ ಕೇಳಿ.

ಒಂದು ಬೆಳಗನ್ನು ತಾಂಗ್‌ಆನ್‌ಗೆ ಮೀಸಲಿಡಿ. ಗದ್ದೆಬದಿಯಲ್ಲಿ ಸುಮಾರು ಎರಡು ತಾಸಿನ ಏರು. ಮೇಲೆ ಚೀನಾ–ನಾರ್ವೆ ಸಹಯೋಗದಲ್ಲಿ ‘ಪರಿಸರ ವಸ್ತುಸಂಗ್ರಹಾಲಯ’ವಾದ ಹಳ್ಳಿ. ಸಂಗ್ರಹಾಲಯವೆಂದರೆ ಕಟ್ಟಡ ಹುಡುಕಬೇಡಿ, ಬದುಕುತ್ತಿರುವ ಊರೇ ಅದು. ಈ ಸೀಮೆಯ ಮೆಟ್ಟಿಲು ಗದ್ದೆಗಳಲ್ಲಿ ನಾಟಿ ಮುಗಿದಮೇಲೆ ಮೀನುಮರಿ ಬಿಡುತ್ತಾರೆ, ಮೀನು ಬಾತುಕೋಳಿಯ ಬಾಯಿಗೆ ಸಿಗದಷ್ಟು ಬೆಳೆದಮೇಲೆ ಬಾತುಗಳನ್ನು. ಕಳೆ, ಹುಳು ಅವಕ್ಕೆ ಮೇವು. ಹಿಕ್ಕೆ ಭತ್ತಕ್ಕೆ ಗೊಬ್ಬರ. ಚೊಂಗ್‌ಜಿಯಾಂಗ್‌ನ ಈ ಬೇಸಾಯಕ್ಕೆ 2011ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಜಾಗತಿಕ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿದೆ.

ಗದ್ದೆಯ ಮೀನನ್ನು ಅಂಟಕ್ಕಿ, ಮೆಣಸಿನ ಜೊತೆ ಮರದ ಪೀಪಾಯಿಯಲ್ಲಿ ಹುಳಿಯಿಟ್ಟು ವರ್ಷಗಟ್ಟಲೆ ಕಾಯುತ್ತಾರೆ, ನಾವು ಮಿಡಿಮಾವಿಗೆ ಕಾದಂತೆ. ಸಸ್ಯಾಹಾರಿಗಳಿಗೆ ಕಷ್ಟವೇ. ಸೊಪ್ಪು ಹುರಿಯುವುದೂ ಹಂದಿಕೊಬ್ಬಿನಲ್ಲಿರಬಹುದು. ‘ಮಾಂಸ, ಮೀನು, ಹಂದಿಕೊಬ್ಬು ಬೇಡ’ ಎಂದು ಚೀನೀ ಲಿಪಿಯಲ್ಲಿ ಬರೆಸಿಕೊಂಡ ಚೀಟಿ ಜೇಬಿನಲ್ಲಿರಲಿ. ಎಣ್ಣೆ ಚಹಾ ಮಾತ್ರ ಬಿಡಬೇಡಿ: ಹುರಿದ ಚಹಾ ಎಲೆಯ ಕಹಿ ಕಷಾಯಕ್ಕೆ ಅಕ್ಕಿಯ ಅರಳು, ಕಡಲೆಬೀಜ ಸುರಿದು ಕೊಡುತ್ತಾರೆ. ಮಂಡಕ್ಕಿ ತಿಂದು ಬೆಳೆದವರಿಗೆ ಹೊಸದೇನಲ್ಲ.

ಹೋಗುವುದು ಹೇಗೆ? ಭಾರತೀಯರಿಗೆ ವೀಸಾ ಬೇಕು. 2025ರ ಅಕ್ಟೋಬರ್‌ನಿಂದ ಕೋಲ್ಕತ್ತ–ಗುವಾಂಗ್‌ಜೋ ನೇರ ವಿಮಾನ ಮತ್ತೆ ಹಾರುತ್ತಿದೆ. ಬೆಂಗಳೂರಿನವರು ಕ್ವಾಲಾಲಂಪುರ, ಬ್ಯಾಂಕಾಕ್ ಮಾರ್ಗದ ದರವನ್ನೂ ತಾಳೆ ನೋಡಲಿ. ರೈಲು ಟಿಕೆಟ್ ‘12306’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಕಾಯ್ದಿರಿಸಬಹುದು, ಪಾಸ್‌ಪೋರ್ಟೇ ಟಿಕೆಟ್. ತರಕಾರಿ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇರುವ ದೇಶವಾದ್ದರಿಂದ ಅಲಿಪೇಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಬೆಂಗಳೂರಿನಲ್ಲೇ ಜೋಡಿಸಿ ಹೊರಡಿ. ಗೂಗಲ್ ನಕಾಶೆಯನ್ನು ನೆಚ್ಚಬೇಡಿ, ಅಲ್ಲಿನ ‘ಗಾವ್‌ದೆ’ ಬಳಸಿ. ವಸತಿಗೃಹ ವಿದೇಶಿಯರನ್ನು ನೋಂದಾಯಿಸಿಕೊಳ್ಳುತ್ತದೆಯೇ ಎಂದು ಮೊದಲೇ ಕೇಳಿ. ಅಕ್ಟೋಬರ್ ಮೊದಲ ವಾರ ಮಾತ್ರ ಬೇಡವೇ ಬೇಡ. ರಾಷ್ಟ್ರೀಯ ರಜೆಗೆ ಚೀನಾದ ಅರ್ಧ ಜನ ಬೀದಿಯಲ್ಲಿರುತ್ತಾರೇನೋ ಅನಿಸುತ್ತದೆ.

ಇನ್ನೊಂದು ದಿನ ಮಿಕ್ಕಿದರೆ ಅದೇ ಹಳಿಯಲ್ಲಿ ಸಾನ್‌ಜಿಯಾಂಗ್‌ಗೆ ಹೋಗಿ 1912ರಲ್ಲಿ ಕಟ್ಟತೊಡಗಿದ ಚೆಂಗ್‌ಯಾಂಗ್‌ನ ‘ಗಾಳಿ–ಮಳೆ ಸೇತುವೆ’, ಅಂದರೆ ಸೂರು ಹೊದಿಸಿದ ಸೇತುವೆ, ದಾಟಿ ಬನ್ನಿ.

ಜಾವ್‌ಶಿಂಗ್‌ನ ಓಣಿಗಳಲ್ಲಿ ಟಕ್ ಟಕ್ ಎಂಬ ಸದ್ದು ಕೇಳಿದರೆ ಅದು ಬಟ್ಟೆ ಬಡಿಯುವುದು. ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿದ ಕೈಮಗ್ಗದ ಬಟ್ಟೆಗೆ ಮೊಟ್ಟೆಯ ಬಿಳಿ ಬಳಿದು, ಮರದ ಕೊಡತಿಯಲ್ಲಿ ಬಡಿದು ಬಡಿದು ಕಂಚಿನ ಹೊಳಪು ತರಿಸುತ್ತಾರೆ. ಒಂದು ತುಂಡು ಕೊಂಡರೆ ಬಿಳಿ ಅಂಗಿಯ ಜೊತೆ ಪೆಟ್ಟಿಗೆಗೆ ಹಾಕಬೇಡಿ. ನೀಲಿ ಬಿಡುತ್ತದೆ.